ಗೋಂದು ಹಾಕಿದ ಕಾರ್ಬುರೇಟರ್

ಬುಶಾರಾ ಹೆಂಡತಿಯ ಮಾತನ್ನು ಒಂದು ಕಿವಿಯಲ್ಲಿ ಕೇಳುತ್ತಾನೆ, ಇಮಾಮರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುತ್ತಾನೆ, ಲಾರಿಯ ಮಾತಿಗೆ ಮಾತ್ರ ಎರಡೂ ಕಿವಿ ಕೊಡುತ್ತಾನೆ. ಅನ್ ನಹೂದ್ ಊರಿನ ಪಡುವಣ ಕೇರಿಯಲ್ಲಿ ಅವನ ಬಗ್ಗೆ ಹೀಗೆ ಹೇಳುತ್ತಿದ್ದರು. ಬೇಲಿಯಾಚೆಯ ಹಾಜಾ ಕುಬ್ರಾ ಇದಕ್ಕೆ ತನ್ನದೊಂದು ಒಗ್ಗರಣೆ ಹಾಕುತ್ತಿದ್ದಳು: "ಅವನ ಎಡಗಿವಿ ನೋಡಿ, ಇಂಜಿನ್ನಿಗೆ ಒತ್ತಿ ಒತ್ತಿ ರೊಟ್ಟಿ ಹಾಗೆ ಬೆಂದುಹೋಗಿದೆ. ಪಾಪ ಕಲ್ತೂಮಾ, ಅದರೊಳಗೆ ಏನು ತುರುಕಿದರೂ ಇಳಿಯಲ್ಲ."

ಇನ್ನೊಂದು ಮಾತೂ ಇತ್ತು. ಅದನ್ನು ಯಾರೂ ನಗುತ್ತಾ ಹೇಳುತ್ತಿರಲಿಲ್ಲ. ಬುಶಾರಾ ಬಾಯಿಬಿಟ್ಟು ಹೇಳಿದ ಕೆಡುಕು ತಪ್ಪುತ್ತದೆ, ಅವನು ಹೇಳದೆ ಇಟ್ಟುಕೊಂಡ ಕೆಡುಕು ತಪ್ಪುವುದಿಲ್ಲ ಅನ್ನುತ್ತಿದ್ದರು. ಅದಕ್ಕೇ ಲಾರಿ ಬಿಡಿಸಿಕೊಂಡು ಹೋಗುವ ಡ್ರೈವರುಗಳು ಅವನ ಮುಖ ನೋಡಿಕೊಂಡು ನಿಲ್ಲುತ್ತಿದ್ದರು. "ಬಯ್ರೀ ಉಸ್ತಾ, ಎರಡು ಮಾತು ಬಯ್ದು ಕಳಿಸಿ." ಅವನು ಅವರ ಲಾರಿಯನ್ನೂ ಅವರ ಗೇರು ಹಾಕುವ ಕೈಯನ್ನೂ ಅವರ ಅಜ್ಜನ ಗಡ್ಡವನ್ನೂ ಸೇರಿಸಿ ಬಯ್ಯುತ್ತಿದ್ದ. ಅವರು ಹಗುರಾಗಿ ಹೊರಡುತ್ತಿದ್ದರು.

ಲಾರಿಗಳ ನಡುವೆ ಹುಟ್ಟಿದವನಲ್ಲ ಅವನು. ತಾಯಿ ಜಾಲಿ ಕಾಡಿನಲ್ಲಿ ಗೋಂದು ಕೀಳುವವಳು. ಮರದ ತೊಗಟೆ ಸೀಳಿ ಬಂದು, ಆರು ವಾರ ಬಿಟ್ಟು ಹೋದರೆ ಆ ಗಾಯದಲ್ಲಿ ನಿಂಬೆಕಾಯಿ ಗಾತ್ರದ ಹೊಂಬಣ್ಣದ ಉಂಡೆ ಕೂತಿರುತ್ತಿತ್ತು. ಬುಶಾರಾ ಅದನ್ನು ಮೆಲ್ಲುತ್ತಾ ಬೆಳೆದವನು. ಹದಿನಾರನೆಯ ವಯಸ್ಸಿಗೆ ಗೋಂದಿನ ಮೂಟೆಗಳ ಮೇಲೆ ಕೂತು ಅಲ್ ಉಬೈಯಿದ್ ಪಟ್ಟಣಕ್ಕೆ ಹೋದ. ಮೂಟೆ ಇಳಿಸಿದ ಮೇಲೂ ಇವನು ಲಾರಿ ಬಿಟ್ಟು ಕದಲಲಿಲ್ಲ. ಯಾನಿ ಎಂಬ ಗ್ರೀಕನ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ದುಡಿದು, ಕಲಿತು, ನಹೂದಿಗೆ ವಾಪಸು ಬಂದು, ಹೊಟ್ಟೆ ಟೊಳ್ಳಾದ ದೊಡ್ಡದೊಂದು ಆನೆಹುಣಸೆ ಮರದ ಕೆಳಗೆ ಎರಡು ಮರದ ದಿಮ್ಮಿ ಹಾಕಿ ಕೂತ. ಅದೇ ಅವನ ಗ್ಯಾರೇಜು. ಮನೆ ಹಿಂದುಗಡೆಯೇ. ಕಲ್ತೂಮಾಳನ್ನು ಮದುವೆಯಾದ. ಅವಳಿಜವಳಿ ಹುಟ್ಟಿದವು, ಗಂಡು ಉಳಿಯಲಿಲ್ಲ, ಹೆಣ್ಣು ಉಳಿಯಿತು. ಅವಳಿಯಾಗಿ ಹುಟ್ಟಿದ ಹೆಣ್ಣಿಗೆ ಆ ಕಡೆ ಇಡುವ ಹೆಸರನ್ನೇ ಇಟ್ಟರು, ಅತ್ತೂಮಾ. ಹತ್ತು ವರ್ಷದವರೆಗೆ ಆ ಹುಡುಗಿ ಅಪ್ಪನ ಮರದ ಕೆಳಗೇ ಆಡಿದಳು. ಯಾವ ಲಾರಿ ಬರುತ್ತಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದಳು.

ಕಲ್ತೂಮಾಳ ತಮ್ಮ ಜಾದೈನ್. ಅವನದೊಂದು ಲಾರಿ. ಇಂಗ್ಲಿಷರು ಇನ್ನೂ ದೇಶದಲ್ಲಿದ್ದಾಗ ಬಂದದ್ದು. ಮರದ ಮೈ, ಅದರ ಮೇಲೆ ಗಿಳಿ, ಗುಲಾಬಿ, ದೃಷ್ಟಿಯಾಗದಿರಲೆಂದು ಎರಡು ದೊಡ್ಡ ಕಣ್ಣು. ಆ ವರ್ಷ ಮೇ ತಿಂಗಳಲ್ಲಿ ಅವನು ಅದನ್ನು ತಂದು ಮರದ ಕೆಳಗೆ ನಿಲ್ಲಿಸಿದ. ಬುಶಾರಾ ಬಾನೆಟ್ ಎತ್ತಲಿಲ್ಲ, ಕೂತಲ್ಲಿಂದಲೇ ಹೇಳಿದ:

"ಆಫ್ ಮಾಡು. ಸಾಕು."

"ನೋಡೋಕೆ ಮೊದಲೇ?"

"ನೋಡೋದೇನು? ಕಾರ್ಬುರೇಟರ್ ಸವೆದುಹೋಗಿದೆ. ಗಾಳಿ ಕದ್ದು ಕುಡೀತಿದೆ."

"ಭಾವ, ಹೋದ ವರ್ಷಾನೂ ಇದೇ ಹೇಳಿದ್ರಿ. ಆಮೇಲೆ ಎಂಟು ಸಲ ಫಾಶಿರ್‌ಗೆ ಹೋಗಿ ಬಂದೆ."

"ಹೋದ ವರ್ಷ ಕೆಮ್ಮುತ್ತಿತ್ತು. ಈಗ ರಕ್ತ ಕಾರುತ್ತಿದೆ. ಬಾ ಇಲ್ಲಿ, ನೋಡು."

ಬಿಚ್ಚಿ ದಿಮ್ಮಿಯ ಮೇಲಿಟ್ಟ. ಗಾಳಿಯ ಬಾಗಿಲು ತಿರುಗಿಸುವ ಸರಳು ಓಡಾಡಿ ಓಡಾಡಿ ಅದರ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಅದಕ್ಕೆ ಹಿತ್ತಾಳೆಯ ಬಳೆ ಹಾಕಬಹುದು, ಅರ್ಧ ದಿನದ ಕೆಲಸ. ಕಷ್ಟ ಇನ್ನೊಂದು ಕಡೆ. ಪೆಟ್ರೋಲ್ ನಿಲ್ಲುವ ಬಟ್ಟಲಿನ ಅಂಚು ಸವೆದು ಕೂದಲೆಳೆಯಷ್ಟು ಸೀಳಿತ್ತು. ಬುಶಾರಾ ಅದಕ್ಕೆ ಪೆಟ್ರೋಲ್ ತುಂಬಿ ಎತ್ತಿ ಹಿಡಿದ. ಸೀಳಿನಲ್ಲಿ ಒಂದು ಹನಿ ಕೂಡಿಕೊಂಡಿತು, ತೂಗಿತು, ಬಿತ್ತು. ಇನ್ನೊಂದು ಕೂಡಿಕೊಂಡಿತು.

"ಇದರ ಕೆಳಗೆ ಏನಿದೆ ಲಾರಿಯಲ್ಲಿ?"

"ಹೊಗೆ ಪೈಪು."

"ಮರಳು ಹತ್ತುವಾಗ ಆ ಪೈಪು ಯಾವ ಬಣ್ಣಕ್ಕೆ ಬರುತ್ತೆ?"

ಜಾದೈನ್ ತಲೆ ಕೆರೆದುಕೊಂಡ. "ಕರ್ಕದೆ ಹೂವಿನ ಕೆಂಪು ಶರಬತ್ತಿನ ಬಣ್ಣ."

"ಹೂಂ. ಅದರ ಹಿಂದೆ ನಾಲ್ಕು ಡ್ರಮ್ಮು ಪೆಟ್ರೋಲ್ ಕಟ್ಟಿಕೊಂಡು, ಮೇಲೆ ಜನ ಕೂರಿಸಿಕೊಂಡು ಹೋಗೋನು ನೀನು."

ಹೊಸ ಕಾರ್ಬುರೇಟರಿಗೆ ಖಾರ್ತೂಮಿಗೆ ಹೇಳಿಕಳಿಸಿ ಹನ್ನೊಂದು ತಿಂಗಳಾಗಿತ್ತು. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ ಎಂಬ ಸುದ್ದಿ ಬಂದಿತ್ತು, ಕಾರ್ಬುರೇಟರ್ ಬಂದಿರಲಿಲ್ಲ.

"ಹಾಗಾದ್ರೆ ನಿಮ್ಮ ಔಷಧಿ ಹಾಕಿ ಭಾವ" ಎಂದ ಜಾದೈನ್.

ಔಷಧಿಯ ವಿಷಯ ಹೇಳಬೇಕು. ಎಷ್ಟೋ ವರ್ಷದ ಕೆಳಗೆ ಬುಶಾರಾನ ಜೇಬಿನಿಂದ ಒಂದು ಗೋಂದಿನ ಉಂಡೆ ಪೆಟ್ರೋಲ್ ಡಬ್ಬಿಗೆ ಬಿತ್ತು. ಮಾರನೆಯ ದಿನ ತೆಗೆದರೆ ಕಲ್ಲಿನ ಹಾಗೆ ಇದ್ದದ್ದು ಇದ್ದ ಹಾಗೇ ಇತ್ತು. ನೀರಿಗೆ ಹಾಕಿದ್ದರೆ ಸಂಜೆಯೊಳಗೆ ಕರಗಿಹೋಗುವ ಗೋಂದನ್ನು ಪೆಟ್ರೋಲ್ ಏನೂ ಮಾಡಿರಲಿಲ್ಲ. ಅವತ್ತಿನಿಂದ ಅವನು ಗೋಂದನ್ನು ಪುಡಿಮಾಡಿ, ಜರಡಿ ಹಿಡಿದ ಬೂದಿ ಬೆರೆಸಿ, ನಾಲ್ಕೇ ಹನಿ ನೀರಲ್ಲಿ ನಾದಿ, ಸೋರುವ ಅಂಚಿಗೆ ಉಗುರಿನಿಂದ ತೀಡಿ, ಮೂರು ದಿನ ನೆರಳಲ್ಲಿ ಒಣಗಿಸುತ್ತಿದ್ದ. ಆಮೇಲೆ ಅದು ಗಾಜಿನ ಹಾಗೆ ಗಟ್ಟಿ. ಇಪ್ಪತ್ತು ವರ್ಷದಲ್ಲಿ ಒಂದೂ ಸೋರಿ ವಾಪಸು ಬರಲಿಲ್ಲ. ಅದು ಏನೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಡ್ರೈವರುಗಳು ಒಂಟೆಯ ಉಚ್ಚೆ ಅಂದರು, ಮೊಟ್ಟೆಯ ಬಿಳಿ ಅಂದರು, ಒಬ್ಬ ಮಂತ್ರ ಅಂದ. ಬುಶಾರಾ ಮೀಸೆಯಲ್ಲೇ ನಕ್ಕ. ಕಡ್ಡಿ ಮುರಿದಂತೆ ಹೇಳುತ್ತಿದ್ದದ್ದು ಒಂದೇ ಮಾತು: ನೀರು ತಾಗಬಾರದು.

ಆ ನಾಡಿನಲ್ಲಿ ಅದು ಸುಲಭದ ಮಾತಲ್ಲ. ಬೇಸಗೆಯಲ್ಲಿ ಪೆಟ್ರೋಲ್ ಇಂಜಿನ್ನಿಗೆ ಮುಟ್ಟುವ ಮೊದಲೇ ಕುದಿದು ಆವಿಯಾಗುತ್ತದೆ. ಕಾರ್ಬುರೇಟರಿಗೆ ಗೋಣಿ ಸುತ್ತಿ, ನೀರಿನ ತೊಗಲುಚೀಲದಿಂದ ಗಳಿಗೆಗೊಮ್ಮೆ ನೀರು ಬಿಡದೆ ಯಾವ ಲಾರಿಯೂ ಮರಳು ದಾಟುವುದಿಲ್ಲ. ಅದಕ್ಕೇ ಬುಶಾರಾ ತನ್ನ ಔಷಧಿಯನ್ನು ಚಳಿಗಾಲದ ಲಾರಿಗಳಿಗೆ ಮಾತ್ರ ಹಾಕುತ್ತಿದ್ದ. ಮೇ ತಿಂಗಳಲ್ಲಿ ಒಮ್ಮೆಯೂ ಹಾಕಿರಲಿಲ್ಲ.

"ಈಗ ಬೇಡ. ಮಳೆ ಬೀಳಲಿ, ತಂಪಾಗಲಿ" ಎಂದ.

"ಮಳೆ ಬಿದ್ದರೆ ದಾರಿ ಎಲ್ಲಿರುತ್ತೆ ಭಾವ? ಅತ್ತೂಮಾನ ನಲವತ್ತು ಮುಗಿದು ವಾರ ಆಯ್ತು. ಅಳಿಯ ಮೂರು ಸಲ ಹೇಳಿಕಳಿಸಿದಾನೆ."

ಅತ್ತೂಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಗಂಡ ಫಾಶಿರ್‌ನಲ್ಲಿ ಮೇಷ್ಟ್ರು. ನಲವತ್ತು ದಿನ ಕಳೆದ ಮೇಲೆ ಬಾಣಂತಿಯನ್ನು, ಕೂಸನ್ನು ಗಂಡನ ಮನೆಗೆ ಮುಟ್ಟಿಸಬೇಕು. ತಾಯಿಯ ತಮ್ಮನಿಗೇ ಲಾರಿ ಇರುವಾಗ ಬೇರೆಯವರ ಲಾರಿ ಹತ್ತಿಸಿದರೆ ಕೇರಿ ಸುಮ್ಮನಿರುತ್ತದೆಯೇ?

"ನನ್ನ ಮುಖಕ್ಕೆ ಉಗೀತಾರೆ ಜನ" ಎಂದ ಜಾದೈನ್. "ಅಥವಾ ನಿಮ್ಮ ಕೈಗುಣ ಮುಗೀತಾ ಹೇಳಿಬಿಡಿ."

ಆ ಮಾತು ಬುಶಾರಾನಿಗೆ ನಾಟಿತು. ಆಗಲೇ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ದಿಮ್ಮಿಯ ಕೆಳಗಿಂದ ಗಂಟು ತೆಗೆದ, ಪುಡಿ ಕುಟ್ಟಲು ಕೂತ. ಜಾದೈನ್‌ನನ್ನು ಮರದ ಆಚೆಗೆ ಕಳಿಸಿ ಕೆಲಸ ಮುಗಿಸಿದ. ಮೂರು ದಿನ ಒಣಗಿಸಿ, ಉಗುರಿನಿಂದ ತಟ್ಟಿ ಕೇಳಿ, ಕಟ್ಟಿದ.

"ಮಧ್ಯಾಹ್ನ ಓಡಿಸಬೇಡ. ಬೆಳಗಿನ ತಂಪಲ್ಲಿ, ಸಂಜೆ ತಂಪಲ್ಲಿ ಮಾತ್ರ. ಕುದಿದು ನಿಂತರೆ ನಿಂತಿರಲಿ, ತಾನೇ ಆರುತ್ತೆ. ನೀರು ತಾಗಬಾರದು. ಆಣೆ ಮಾಡು."

"ತಲಾಖ್ ಆಣೆ! ನನ್ನ ಕೈಯಿಂದ ಒಂದು ಹನಿ ಬಿದ್ದರೆ ನನ್ನ ಹೆಂಡತಿಗೆ ಮೂರು ತಲಾಖ್!"

ಅಲ್ಲಿಯ ಗಂಡಸರು ಚಹಾ ಕುಡಿಸಲಿಕ್ಕೂ ಈ ಆಣೆ ಹಾಕುತ್ತಾರೆ. ಜಾದೈನ್ ದಿನಕ್ಕೆ ಹತ್ತು ಸಲ ಹಾಕುತ್ತಿದ್ದ. "ಇವರ ಆಣೆ ನಂಬಿದ್ದರೆ ನಾನು ಮದುವೆಯಾದ ವಾರದಲ್ಲೇ ತವರಿಗೆ ನಡೀಬೇಕಿತ್ತು" ಎಂದು ಅವನ ಹೆಂಡತಿ ನಗುತ್ತಿದ್ದಳು. ಬುಶಾರಾನಿಗೂ ಅದು ಗೊತ್ತಿತ್ತು. ಆದರೂ ಆಣೆ ಆಯಿತಲ್ಲ ಎಂದು ಕೈ ಒರೆಸಿಕೊಂಡ.

ಆ ಸಂಜೆ ಕಲ್ತೂಮಾ ಅಂಬಲಿಗಟ್ಟಿಯ ತಟ್ಟೆ ಮುಂದಿಟ್ಟು ಕೇಳಿದಳು, "ಲಾರಿ ಹೇಗಿದೆ?"

"ಚೆನ್ನಾಗಿದೆ."

"ಜಾದೈನ್‌ನ ಬಯ್ದ್ರಾ?"

"ಬಯ್ಯೋಕೇನಿದೆ?"

ತಟ್ಟೆಯಲ್ಲಿ ಅವಳ ಕೈ ನಿಂತಿತು. ಗಂಡನ ಮುಖ ನೋಡಿದಳು. ಅವನು ತುತ್ತು ಮುರಿಯುವುದರಲ್ಲೇ ಇದ್ದ. ಬಾಣಂತಿ ಹೊರಡುವ ಹೊತ್ತಿನಲ್ಲಿ ದಾರಿಯ ಬಗ್ಗೆ, ಹೂಡುವ ಬಂಡಿಯ ಬಗ್ಗೆ ಕೆಟ್ಟ ಮಾತು ಬಾಯಿಗೆ ತರಬಾರದು. ತಂದರೆ ಅದು ಕೂಸಿನ ಮೇಲೆ ಕೂರುತ್ತದೆ. ಅವಳಿಗೂ ಅದು ಗೊತ್ತಿತ್ತು, ಅದಕ್ಕೇ ಅವಳು ಕೇಳಲಿಲ್ಲ. ಅವನಿಗೂ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಒಳಗೆ ಅತ್ತೂಮಾ ಮಗುವಿನ ಮಣಿಕಟ್ಟಿಗೆ ಕೆಂಪು ರೇಷ್ಮೆಯ ದಾರ ಕಟ್ಟುತ್ತಾ ಏನೋ ಗುನುಗುತ್ತಿದ್ದಳು.

ಮಂಗಳವಾರ ಬೆಳಕು ಹರಿಯುವಾಗ ಲಾರಿ ಮನೆ ಮುಂದೆ ಬಂತು. ಸಕ್ಕರೆ ಮೂಟೆಗಳ ಮೇಲೆ ಹದಿನೆಂಟು ಜನ, ಹಿಂದೆ ನಾಲ್ಕು ಡ್ರಮ್ಮು. ಕೇರಿಯ ಹೆಂಗಸರೆಲ್ಲ ಸೇರಿದ್ದರು. ಹಾಜಾ ಕುಬ್ರಾ ಗಂಧದ ಹೊಗೆ ಹಿಡಿದು ಲಾರಿಗೆ ಸುತ್ತು ಬರುತ್ತಿದ್ದಳು. ಅತ್ತೂಮಾ ಕೂಸಿನೊಂದಿಗೆ ಮುಂದುಗಡೆ ಕೂತು ಕಿಟಕಿಯಿಂದ ಕೈ ಚಾಚಿ ಅಪ್ಪನ ತೋಳು ಹಿಡಿದಳು.

"ಎಲ್ಲರಿಗೂ ಬಯ್ತೀಯ. ನನಗೆ ಒಂದು ಮಾತು ಬಯ್ಯಲ್ವಾ ಅಪ್ಪ?"

ನೀರು ಹಾಕಬೇಡಮ್ಮ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಆದರೆ ಏಕೆ ಎಂದು ಅವಳು ಕೇಳುತ್ತಾಳೆ. ಈ ಲಾರಿಗೆ ಕಾಯಿಲೆ ಇದೆ ಎಂದು ಇಷ್ಟು ಹೆಂಗಸರೆದುರು, ಈ ಗಂಧದ ಹೊಗೆಯಲ್ಲಿ, ಕೂಸಿನ ಮುಖದ ಮೇಲೆ ಹೇಳಬೇಕಾಗುತ್ತದೆ.

"ಮಧ್ಯಾಹ್ನ ನೆರಳಲ್ಲಿ ಕೂತ್ಕೋ" ಎಂದ. ಅಷ್ಟೆ.

ಜಾದೈನ್ ಕೀಲಿ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಎದ್ದಿತು. ಕೆಮ್ಮಿಲ್ಲ, ಉಬ್ಬಸವಿಲ್ಲ, ಎಣ್ಣೆ ಹಾಕಿದ ಹಾಗೆ ನುಣ್ಣನೆಯ ಸದ್ದು. "ಮಾಶಾಅಲ್ಲಾ, ಏನು ಕೈ!" ಎಂದರು ಜನ. ಇಪ್ಪತ್ತು ವರ್ಷದಲ್ಲಿ ಆ ಲಾರಿ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ಬುಶಾರಾ ಕೇಳಿರಲಿಲ್ಲ. ಅದೇ ಅವನಿಗೆ ಹಿಡಿಸಲಿಲ್ಲ. ಧೂಳು ಅಡಗುವವರೆಗೆ ನಿಂತಿದ್ದ. ಅಡಗಿದ ಮೇಲೂ ಬಹಳ ಹೊತ್ತು ನಿಂತಿದ್ದ.

ಮಾರನೆಯ ದಿನ, ಬುಧವಾರ, ಬಿಸಿಲು ನೆತ್ತಿಗೇರುವ ಮೊದಲು ಪಡುವಣದಿಂದ ಶೋಗಾರ್ ಬಂದ. ಅವನೂ ಡ್ರೈವರು, ಬುಶಾರಾನ ವಾರಿಗೆಯವನು. ಮುರಿದ ಸ್ಪ್ರಿಂಗಿನ ಲಾರಿಯನ್ನು ಕುಂಟಿಸಿಕೊಂಡು ಬಂದು ಮರದ ಕೆಳಗೆ ಬಿಟ್ಟು, ಹಿಂದಿನ ಅಂಗಳಕ್ಕೆ ನಗುತ್ತಲೇ ಬಂದ. ಕಲ್ತೂಮಾ ಚಹಾ ಕೊಟ್ಟಳು.

"ಉಸ್ತಾ, ನಿನ್ನ ಮಗಳು ನಮ್ಮ ಹೊಟ್ಟೆ ಮೇಲೆ ಹೊಡೀತಾಳೆ ಕಣೋ! ಇನ್ನು ಡ್ರೈವರುಗಳು ಮನೇಲಿ ಕೂತು ಬುಟ್ಟಿ ಹೆಣೀಬೇಕು."

"ಏನಂತೆ ಅವಳದು?" ಕಲ್ತೂಮಾ ಮುಖ ಅರಳಿಸಿ ಕೂತಳು.

"ನಿನ್ನೆ ಮಧ್ಯಾಹ್ನ ದಾರೀಲಿ ಸಿಕ್ಕಿದ್ರು. ಲಾರಿ ಕುದಿದು ನಿಂತಿದೆ. ನಿನ್ನ ತಮ್ಮ ಅದರಡಿಯಲ್ಲಿ ಕಾಲು ಚಾಚಿ ಗೊರಕೆ. ಅತ್ತೂಮಾ ಕೂಸನ್ನ ಯಾರದೋ ಮಡಿಲಿಗೆ ಹಾಕಿ, ಬಾನೆಟ್ ಎತ್ತಿಸಿ, ಕಾರ್ಬುರೇಟರಿಗೆ ಗೋಣಿ ಸುತ್ತಿ, ತೊಗಲು ಹಿಡಿದು ನೀರು ಬಿಡ್ತಾ ನಿಂತಿದಾಳೆ! 'ಕುಡಿಯೋಕೆ ಇಟ್ಕೊಳ್ಳಮ್ಮ' ಅಂದೆ. 'ಇದು ನಮ್ಮಪ್ಪ ಕೈಯಾರೆ ಮಾಡಿದ್ದು ಮಾಮ, ಬಿಸಿಲಿಗೆ ಸುಡಬಾರದು' ಅಂದಳು. ಹೆತ್ತರೆ ಅಂಥ ಮಗಳನ್ನ ಹೆರಬೇಕು ನೋಡು."

ಕಲ್ತೂಮಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಜಾದೈನ್ ಏನಂದ?" ಬುಶಾರಾನ ದನಿ ಮೆತ್ತಗಿತ್ತು.

"ಅವನಾ? ಒಂದು ಕಣ್ಣು ತೆರೆದು, 'ನನ್ನ ಕೈಯಿಂದ ಹಾಕಲ್ಲ ಅಂತ ಆಣೆ ಮಾಡಿದೀನಿ ಶೋಗಾರ್, ಅಕ್ಕನ ಮಗಳ ಕೈಗೆ ಆಣೆ ಇಲ್ವಲ್ಲ' ಅಂದು ಮತ್ತೆ ಮಗ್ಗುಲಾದ. ನಿನ್ನ ನೀರಿನ ಹುಚ್ಚು ಡ್ರೈವರುಗಳಿಗೆಲ್ಲ ಗೊತ್ತಿರೋದೇ ಅಲ್ವಾ!"

"ಎಷ್ಟು ಸಲ ಹಾಕಿದಳಂತೆ?"

"ಹೊರಟಾಗಿಂದ ಮೂರು ಸಲ."

"ಗೋಣಿ ದಪ್ಪದ್ದಾ, ತೆಳುವಾ?"

ಶೋಗಾರ್‌ನ ನಗು ಅರ್ಧಕ್ಕೆ ನಿಂತಿತು. "ಏನೋ ಅದು, ಹೀಗೆ ಕೇಳ್ತೀಯ?"

ಬುಶಾರಾ ಕಣ್ಣು ಮುಚ್ಚಿ ಕೂತಿದ್ದ, ದೂರದ ಇಂಜಿನ್ನಿಗೆ ಕಿವಿ ಕೊಟ್ಟವನ ಹಾಗೆ. ಮೂರು ಸಲ ನೆನೆದರೆ ಮೇಲ್ಪದರ ಮೆತ್ತಗಾಗುತ್ತದೆ, ಇಂಜಿನ್ನಿನ ಬಿಸಿಗೆ ಮತ್ತೆ ಒಣಗುತ್ತದೆ, ಒಣಗುವಾಗ ಬಿರಿಯುತ್ತದೆ. ದಾರಿಯ ನಡುವಿನ ವದ್ ಬಂದಾ ಊರಿನವರೆಗೆ ಹೇಗೋ ಹಿಡಿದೀತು. ಅಲ್ಲಿ ಗುರುವಾರ ಸಂತೆ. ಜಾದೈನ್ ಸಕ್ಕರೆ ಇಳಿಸಿ, ಮಾರಿ, ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಹೊರಡುವವನು. ವದ್ ಬಂದಾ ದಾಟಿದ ಮೇಲೆ ಎರಡು ದಿನ ಬಾವಿಯಿಲ್ಲ, ಮರವಿಲ್ಲ, ಕಾಲು ಹೂಳುವ ಮರಳು. ದಿನವಿಡೀ ಮೊದಲ ಗೇರು. ದಿನವಿಡೀ ಆ ಪೈಪು ಕೆಂಪು. ದಿನವಿಡೀ ಅವಳು ಗೋಣಿ ನೆನೆಸುತ್ತಾಳೆ. ಅಪ್ಪನ ಕೆಲಸ ಸುಡಬಾರದೆಂದು.

"ಇವತ್ತು ಪಡುವಣಕ್ಕೆ ಯಾವ ಲಾರಿ ಹೋಗುತ್ತೆ?"

"ಯಾವುದೂ ಇಲ್ಲ. ಶನಿವಾರ ಒಂದಿದೆ. ನನ್ನದು ನೋಡು, ಸ್ಪ್ರಿಂಗು ಎರಡು ತುಂಡು." ಶೋಗಾರ್ ಲೋಟ ಕೆಳಗಿಟ್ಟ. "ಏನಾಯ್ತು, ಬಾಯಿಬಿಟ್ಟು ಹೇಳು."

"ಅದು ಗೋಂದು."

"ಯಾವುದು?"

"ಔಷಧಿ. ಬರೀ ಗೋಂದು, ಬೂದಿ. ನನ್ನ ಅಮ್ಮ ಕೀಳುತ್ತಿದ್ದ ಗೋಂದು."

ಶೋಗಾರ್ ತನ್ನ ಅಂಗೈ ನೋಡಿಕೊಂಡ. ಅವನೂ ಎರಡು ಚಳಿಗಾಲ ಆ ಔಷಧಿಯ ಮೇಲೆ ಲಾರಿ ಓಡಿಸಿದವನು. ಗೋಂದು ನೀರಲ್ಲಿ ಕರಗುತ್ತದೆ ಎಂದು ನಹೂದಿನಲ್ಲಿ ಎದೆಹಾಲು ಕುಡಿಯುವ ಕೂಸಿಗೂ ಗೊತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಯಾರೂ ಆಣೆ ಮಾಡಬೇಕಾಗಿರಲಿಲ್ಲ.

ಕಲ್ತೂಮಾ ಎದ್ದು ನಿಂತಿದ್ದಳು. "ಅವಳು ಕಿಟಕಿಯಿಂದ ಕೈ ಚಾಚಿ ಕೇಳಿದಳಲ್ರೀ. ಬಾಯಿಗೆ ಬರಲಿಲ್ವಾ?"

"ಬಂದಿತ್ತು."

ಅವಳು ಒಳಗೆ ಹೋಗಿ ಒಣಗಿಸಿದ ಜೋಳದ ರೊಟ್ಟಿ, ಖರ್ಜೂರ ಗಂಟು ಕಟ್ಟತೊಡಗಿದಳು.

ವದ್ ಬಂದಾಕ್ಕೆ ತಂತಿ ಇರಲಿಲ್ಲ. ಇದ್ದದ್ದು ಹಾಜಾ ಕುಬ್ರಾಳ ಬೂದು ಒಂಟೆ. ನಿಲ್ಲದೆ ನಡೆಸಿದರೆ ಶುಕ್ರವಾರ ಬೆಳಿಗ್ಗೆ ಮುಟ್ಟಬಹುದು. ಮುಟ್ಟದೆಯೂ ಇರಬಹುದು. ಕುಬ್ರಾಳ ಗಂಡುಮಕ್ಕಳು ದನ ಹೊಡೆದುಕೊಂಡು ತೆಂಕಣಕ್ಕೆ ಹೋಗಿದ್ದರು.

"ನಾನು ಹೋಗ್ತೀನಿ" ಎಂದ ಶೋಗಾರ್. "ನಿನ್ನ ಮೊಣಕಾಲು ನೋಡ್ಕೊ. ಒಂಟೆ ಹತ್ತಿ ಎಷ್ಟು ವರ್ಷ ಆಯ್ತು ನಿನಗೆ?"

"ನಿನ್ನೆ ಅವನ ಜೊತೆ ನಕ್ಕವನು ನೀನು. ನೀನು ಹೋಗಿ ಹೇಳಿದ್ರೆ ಮತ್ತೆ ನಗ್ತಾನೆ, ಹೊರಟುಬಿಡ್ತಾನೆ. ಅದನ್ನ ನಾನೇ ಬಿಚ್ಚಬೇಕು."

"ಸಂಜೆ ತಂಪಾಗಲಿ ಮಾರಾಯ, ಕಾಲು ಬೀಳ್ತೀನಿ."

ಬುಶಾರಾ ಆಗಲೇ ತಲೆಗೆ ರುಮಾಲು ಸುತ್ತುತ್ತಿದ್ದ. ಅರವತ್ತೆರಡು ವರ್ಷ ಅವನಿಗೆ. ಜಾಕು ಜಾರಿ ಬಿದ್ದಾಗಿನಿಂದ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಶೋಗಾರ್, ಹಾಜಾ ಕುಬ್ರಾ ಇಬ್ಬರೂ ಸೇರಿ ಕೂತ ಒಂಟೆಯ ಮೇಲೆ ಅವನನ್ನು ಹತ್ತಿಸಬೇಕಾಯಿತು. ಯಾವತ್ತೂ ಬಾಯಿ ಮುಚ್ಚದ ಕುಬ್ರಾ ಅವತ್ತು ಬರೀ ಒಂಟೆಯ ಕುತ್ತಿಗೆ ಸವರುತ್ತಾ ನಿಂತಳು. ಕಲ್ತೂಮಾ ನೀರಿನ ತೊಗಲು ಕಟ್ಟಿ, ಕಟ್ಟಿದ್ದನ್ನು ಎಳೆದು ನೋಡಿ, ಮತ್ತೊಂದು ಗಂಟು ಹಾಕಿದಳು.

"ಅತ್ತೂಮಾನ ಅಪ್ಪ" ಎಂದಳು.

"ಬಾಗಿಲು ಹಾಕ್ಕೋ, ಧೂಳು ಬರುತ್ತೆ" ಎಂದ ಅವನು.

ಒಂಟೆ ಎದ್ದಿತು. ಪಡುವಣದ ಆಕಾಶ ಬೆಳಗಿನಿಂದಲೇ ಹಳದಿಗಟ್ಟಿತ್ತು. ಈಗ ಅದರ ಬುಡದಲ್ಲಿ ಬಿರುಗಾಳಿಯ ಧೂಳಿನ ಕಂದು ಗೋಡೆಯೊಂದು ಸದ್ದಿಲ್ಲದೆ ಏಳುತ್ತಿತ್ತು. ಕೇರಿಯ ಜನ ಬಾಗಿಲುಗಳಲ್ಲಿ ನಿಂತು, ಈ ಹೊತ್ತಲ್ಲಿ ಯಾರಾದರೂ ಹೊರಡುತ್ತಾರೆಯೇ ಎಂದು ಕೂಗಿ ಹೇಳಿದರು. ಹುಲ್ಲುಬೇಲಿಯ ಸಂದಿನಿಂದ ಒಂಟೆಯನ್ನು ಹೊರಗೆ ತಿರುಗಿಸಿದ ಬುಶಾರಾ, ಆ ಮನೆಯಂಗಳಕ್ಕೆ ಮುಂದೆಂದೂ ಕಾಲಿಡದ ಆ ಬುಶಾರಾ, ಯಾರಿಗೂ ಕತ್ತು ಹೊರಳಿಸದೆ ಆ ಗೋಡೆಯ ಕಡೆಗೆ ಹೊರಟ.